ನುಡಿಯಿಂದ ಯೂನಿಕೋಡಿಗೆ, ಅಲ್ಲಿಂದ ಶೋಧಗಂಗಾಕ್ಕೆ: ಒಂದು ಕನ್ನಡ ಮಹಾಪ್ರಬಂಧ ಸಲ್ಲಿಕೆಯಾದ ಬಗೆ

ನನ್ನ ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಕೆಯಾಗಿದೆ. ಪರೀಕ್ಷಾಂಗ ವಿಭಾಗದ ರಸೀದಿ ಕೈಗೆ ಬಂದ ಮೇಲೆಯೇ ಇದನ್ನು ಬರೆಯಲು ಕೂತಿದ್ದೇನೆ. ಕನ್ನಡದಲ್ಲಿ ಪ್ರಬಂಧ ಬರೆಯುತ್ತಿರುವವರು, ಅದರಲ್ಲೂ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಬರವಣಿಗೆ ಮುಗಿದ ಮೇಲೂ ಇಷ್ಟೊಂದು ಕೆಲಸ ಬಾಕಿ ಇರುತ್ತದೆ ಅಂತ ನಮ್ಮ ವಿಭಾಗದಲ್ಲಿ ಯಾರೂ ಹೇಳಿರಲಿಲ್ಲ. ಹೇಳಲು ಅವರಿಗೂ ಗೊತ್ತಿರಲಿಲ್ಲ. ನಮ್ಮ ಹಿಂದಿನ ಬ್ಯಾಚಿನವರೆಲ್ಲ ಹಳೆ ಪದ್ಧತಿಯಲ್ಲೇ ಸಲ್ಲಿಸಿ ಹೋಗಿದ್ದರು.

ನನ್ನ ವಿಷಯ ತುಮಕೂರು ಜಿಲ್ಲೆಯ ಕೆರೆ ಶಾಸನಗಳು. ಕೈಬರಹದಲ್ಲಿ ಬರೆದು, ಒಂದೊಂದೇ ಅಧ್ಯಾಯವನ್ನು ಡಿಟಿಪಿ ಸೆಂಟರಿಗೆ ಕೊಡುತ್ತಿದ್ದೆ. ಪುಟಕ್ಕೆ 25 ರೂಪಾಯಿ. ತಿದ್ದುಪಡಿಗೆ ಬೇರೆ ದುಡ್ಡು. ವಿಭಾಗದ ನಮೂನೆಯಲ್ಲೇ 'ನುಡಿ 01 ಇ, 14 ಪಾಯಿಂಟ್' ಅಂತ ಇತ್ತು. ಸೆಂಟರಿನ ಅಣ್ಣನೂ ಅದನ್ನೇ ಹೇಳಿದರು. "ನುಡಿಯಲ್ಲೇ ಇರ್ಲಿ ಅಕ್ಕ, ಪ್ರಿಂಟು ಚೆನ್ನಾಗಿ ಬರುತ್ತೆ" ಅಂದರು. ಪ್ರಿಂಟು ನಿಜಕ್ಕೂ ಚೆನ್ನಾಗಿಯೇ ಬಂದಿತ್ತು.

ಗೈಡ್ ಸಹಿ ಆಯಿತು, ಪೂರ್ವಸಲ್ಲಿಕೆ ಸೆಮಿನಾರ್ ಆಯಿತು. ಮುಂದಿನ ಹೆಜ್ಜೆ ಸಾಮ್ಯತೆ ತಪಾಸಣೆ, ಅಂದರೆ ಎಲ್ಲರೂ ಪ್ಲೇಜಿಯರಿಸಂ ಚೆಕ್ ಅನ್ನುತ್ತಾರಲ್ಲ, ಅದು. ನಮ್ಮಲ್ಲಿ ಅದನ್ನು ಗ್ರಂಥಾಲಯದವರು ಮಾಡುತ್ತಾರೆ. ಮೊದಲ ಸಲ ಉಚಿತ, ಆಮೇಲೆ ಪ್ರತಿ ಸಲಕ್ಕೂ 500 ರೂಪಾಯಿ ಚಲನ್ ಕಟ್ಟಬೇಕು. ಪೆನ್‌ಡ್ರೈವ್ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗೆ ಕರೆದರು. "ಇದು ಓದ್ತಾ ಇಲ್ಲ ಮೇಡಂ, ಯೂನಿಕೋಡ್ ಮಾಡಿಸ್ಕೊಂಡು ಬನ್ನಿ" ಅಂತ ಅಲ್ಲಿನ ಸಿಬ್ಬಂದಿ ಪರದೆ ನನ್ನ ಕಡೆ ತಿರುಗಿಸಿದರು.

ಪರದೆಯ ಮೇಲೆ ಒಂದು ಅಕ್ಷರ ಕನ್ನಡವೂ ಇರಲಿಲ್ಲ. 'ಕನ್ನಡ' ಅನ್ನುವ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆ ಮೇಲೆ ಗೀಟು ಎಳೆದ 'ಎ', ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೊಂದು ಗೀಟಿನ 'ಎ', ಜರ್ಮನ್ ಅಕ್ಷರವೊಂದು, ಒಂದು 'ಕ್ಯೂ'. ಮುನ್ನೂರು ಚಿಲ್ಲರೆ ಪುಟವೂ ಹೀಗೇ. ಎದೆ ಧಸಕ್ಕೆಂದಿತು. ಸಲ್ಲಿಕೆಯ ಕೊನೆ ದಿನ ಹತ್ತಿರವಿತ್ತು. ಗಡುವು ದಾಟಿದರೆ ಅವಧಿ ವಿಸ್ತರಣೆಗೆ ಅರ್ಜಿ, ಅದಕ್ಕೊಂದು ದಂಡ.

ಹೀಗೆ ಯಾಕಾಗುತ್ತದೆ ಅಂತ ನನಗೆ ತಿಳಿದದ್ದು ಆಮೇಲೆ. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಉಳಿಯುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟು ಆ ಸಂಕೇತದ ಮೇಲೆ ಕನ್ನಡದ ಆಕಾರ ಬರೆದು ತೋರಿಸುತ್ತದೆ. ಫಾಂಟು ಇರುವ ತನಕ ಕನ್ನಡ, ಇಲ್ಲದ ಕಡೆ ಪೌಂಡ್ ಗುರುತು. ಆ ಫಾಂಟುಗಳು ರೂಪುಗೊಂಡ ಕಾಲಕ್ಕೆ ಸುಲಭವಾದ ಬೇರೆ ದಾರಿ ಇರಲಿಲ್ಲ. ಕನ್ನಡ ಗಣಕ ಪರಿಷತ್ತು ತಂದ ನುಡಿ, ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಇವೆಲ್ಲ ಇದ್ದುದರಿಂದಲೇ ನಮ್ಮ ಆಫೀಸುಗಳಲ್ಲೂ ಅಚ್ಚುಮನೆಗಳಲ್ಲೂ ಕನ್ನಡ ಕೂತಿತು. ಯೂನಿಕೋಡಿನಲ್ಲಾದರೆ 'ಕ' ಅನ್ನುವುದಕ್ಕೆ ಅದರದೇ ಸಂಖ್ಯೆ ಇದೆ. ಯಾವ ಫಾಂಟು ಹಾಕಿದರೂ ಅದು 'ಕ'ನೇ. ತಪಾಸಣೆಯ ಸಾಫ್ಟ್‌ವೇರ್ ನೋಡುವುದು ಸಂಕೇತವನ್ನು, ಆಕಾರವನ್ನಲ್ಲ.

ಯೂನಿಕೋಡಿಗೆ ಬದಲಿಸಿಕೊಡುತ್ತೀರಾ ಅಂತ ಹೊರಗಿನ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಪುಟಕ್ಕೆ 20 ರೂಪಾಯಿ, ಜೊತೆಗೆ 'ತಪ್ಪಿಗೆ ನಾವು ಜವಾಬ್ದಾರರಲ್ಲ' ಅಂದರು. ಅಷ್ಟರಲ್ಲಿ ಗೆಳತಿಯೊಬ್ಬಳು ನಮ್ಮ ವಿಶ್ವವಿದ್ಯಾಲಯದ ಗಣಕ ಕೇಂದ್ರದ ಸುತ್ತೋಲೆಯೊಂದನ್ನು ಮೊಬೈಲಿಗೆ ಕಳಿಸಿದಳು. ಸಂಶೋಧನಾರ್ಥಿಗಳಿಗೆ ಒಂದು ದಿನದ ತರಬೇತಿ, ಉಚಿತ, ಹೆಸರು ನೋಂದಾಯಿಸಿ ಅಂತ ಇತ್ತು. ಆ ಸುತ್ತೋಲೆ ಹೋಗಿದ್ದು ವಿಶ್ವವಿದ್ಯಾಲಯ ಕೊಟ್ಟಿರುವ ಮೇಲ್ ವಿಳಾಸಕ್ಕೆ ಮಾತ್ರ. ಕನ್ನಡ, ಇತಿಹಾಸ, ಜಾನಪದ ವಿಭಾಗದ ಎಷ್ಟೋ ಸಂಶೋಧನಾರ್ಥಿಗಳಿಗೆ ಆ ವಿಳಾಸದ ಪಾಸ್‌ವರ್ಡೇ ಸಿಕ್ಕಿಲ್ಲ. ನೀವು ನೋಂದಣಿಯಾದ ಮೊದಲ ತಿಂಗಳಲ್ಲೇ ಗಣಕ ಕೇಂದ್ರಕ್ಕೆ ಹೋಗಿ ಪಾಸ್‌ವರ್ಡ್ ತೆಗೆದುಕೊಳ್ಳಿ. ಐಡಿ ಕಾರ್ಡು ಮತ್ತು ಪ್ರವೇಶ ಆದೇಶದ ಪ್ರತಿ ಸಾಕು. ತರಬೇತಿ, ಸಾಫ್ಟ್‌ವೇರ್ ಪರವಾನಗಿ, ವೈಫೈ ಬದಲಾವಣೆ, ಎಲ್ಲ ಸುದ್ದಿಯೂ ಅಲ್ಲಿಗೇ ಬರುತ್ತದೆ.

ತರಬೇತಿಯ ಬೆಳಗಿನ ಹೊತ್ತು ಸಾಮಾನ್ಯ ವಿಷಯಗಳು. 'ಒಂದು ದೇಶ, ಒಂದು ಚಂದಾ' ಯೋಜನೆಯ ಬಗ್ಗೆ ಹೇಳಿದರು. 2025ರ ಜನವರಿ 1ರಿಂದ ಜಾರಿಯಾದ ಇದರಲ್ಲಿ ಮೂವತ್ತು ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಸಿಗುತ್ತವೆ. ಮನೆಯಿಂದ ಓದಬೇಕಾದರೂ ಸಂಸ್ಥೆಯ ಲಾಗಿನ್ ಬೇಕೇ ಬೇಕು. ಆ ಮೇಲ್ ವಿಳಾಸ ಮತ್ತೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಜೊಟೆರೊ ಅನ್ನುವ ತಂತ್ರಾಂಶ ಬಳಸಿ ಉಲ್ಲೇಖಗಳ ಪಟ್ಟಿ ಮಾಡುವುದನ್ನು ತೋರಿಸಿದರು. ಹೊಸದಾಗಿ ಶುರು ಮಾಡುವವರು ಕಲಿಯಲೇಬೇಕು. ನನಗೆ ಆ ಹಂತ ದಾಟಿಹೋಗಿತ್ತು.

ಮಧ್ಯಾಹ್ನದ ತರಗತಿ ನನಗಾಗಿಯೇ ಇಟ್ಟ ಹಾಗಿತ್ತು. ಹೇಳಿಕೊಟ್ಟವರು ಕೇಂದ್ರದ ಹಿರಿಯ ಪ್ರೋಗ್ರಾಮರ್. ಯಾರದ್ದಾದರೂ ನಿಜವಾದ ಪ್ರಬಂಧ ಇದ್ದರೆ ಕೊಡಿ ಅಂದರು. ನನ್ನ ಮೂರನೇ ಅಧ್ಯಾಯ ಕೊಟ್ಟೆ. ನುಡಿಯ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದರು, ಒಂದೇ ಕ್ಷಣಕ್ಕೆ ಕನ್ನಡವಾಗಿ ಬಂತು. ನನಗೆ ಜೀವ ಬಂದ ಹಾಗಾಯಿತು. ಅವರು ಮಾತ್ರ, "ಈಗ ಓದಿ ನೋಡಮ್ಮಾ" ಅಂದರು. ಮೊದಲ ಸಾಲಿನಲ್ಲೇ 'ಕನಾರ್ಟಕ' ಅಂತ ಇತ್ತು. ಮುಂದೆ 'ವಷರ್', 'ಧಮರ್'. ಅರ್ಕಾವತ್ತು ಇದ್ದ ಕಡೆಯೆಲ್ಲ ಹೀಗೆ.

ಕಾರಣ ಹೇಳಿದರು. ಅರ್ಕಾವತ್ತನ್ನು ನಾವು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅಕ್ಷರದ ಮೊದಲು. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ. ಯೂನಿಕೋಡು ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ಒಳ್ಳೆಯ ಪರಿವರ್ತಕವಾದರೆ ಅದನ್ನು ಹಿಂದಕ್ಕೆ ಸರಿಸಿ ಕೂರಿಸುತ್ತದೆ, ಇಲ್ಲದಿದ್ದರೆ ಇದ್ದಲ್ಲೇ ಬಿಡುತ್ತದೆ. ಅವರು ಇನ್ನೊಂದು ಪರಿವರ್ತಕ ಹಾಕಿದರು, 'ಕರ್ನಾಟಕ' ಸರಿಯಾಯಿತು. ಹಾಗಾಗಿ ಯಾವುದಾದರೂ ಪರಿವರ್ತಕವನ್ನು ನಂಬುವ ಮೊದಲು ಕರ್ನಾಟಕ, ವರ್ಷ, ಸೂರ್ಯ, ಅರ್ಘ್ಯ, ಕಾರ್ಯಕ್ಷೇತ್ರ ಈ ಪದಗಳನ್ನು ಹಾಕಿ ನೋಡಿ. ಐದೂ ಸರಿ ಬಂದರೆ ಮುಂದುವರಿಯಿರಿ.

ಅಲ್ಲಿಂದ ಶುರುವಾದ ಕೆಲಸ ವಾರಗಟ್ಟಲೆ ನಡೆಯಿತು. ಹಾಸ್ಟೆಲಿನಲ್ಲಿ ರಾತ್ರಿ, ಗಣಕ ಕೇಂದ್ರದ ಲ್ಯಾಬಿನಲ್ಲಿ ಹಗಲು. ನಿಮಗೆ ಉಪಯೋಗ ಆಗಲಿ ಅಂತ ತೊಡಕುಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ದೊಡ್ಡ ತೊಡಕು ಇಂಗ್ಲಿಷ್ ಪದಗಳದ್ದು. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷದಲ್ಲಿರುವುದು ಅಂತ ಗೊತ್ತಾಗುವುದಿಲ್ಲ. ನನ್ನ ಗ್ರಂಥಋಣದಲ್ಲಿ ಇಂಗ್ಲಿಷ್ ಪುಸ್ತಕಗಳ ಹೆಸರೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಟ್ಟವು. ಇದಕ್ಕೆ ಆ ಸರ್ ಹೇಳಿಕೊಟ್ಟ ಉಪಾಯ ಬಹಳ ಸುಲಭ. ವರ್ಡಿನ ಹುಡುಕುವ ಕಿಟಕಿಯಲ್ಲಿ ಪದ ಹಾಕಬೇಡಿ, ಫಾಂಟಿನ ಹೆಸರು ಮಾತ್ರ ಆರಿಸಿ. ಟೈಮ್ಸ್ ನ್ಯೂ ರೋಮನ್ ಇರುವುದನ್ನೆಲ್ಲ ಒಟ್ಟಿಗೆ ಆಯ್ದು ಕೆಂಪು ಬಣ್ಣ ಮಾಡಿ. ಕೆಂಪು ಬಿಟ್ಟು ಉಳಿದದ್ದನ್ನು ಮಾತ್ರ ಪರಿವರ್ತಿಸಿ. ಮೂಲ ಫೈಲನ್ನು ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಅದರಲ್ಲಿ ಮಾಡಿ.

ಎರಡನೆಯದು ಅಡಿಟಿಪ್ಪಣಿ. ಶಾಸನದ ಅಧ್ಯಯನದಲ್ಲಿ ಅಡಿಟಿಪ್ಪಣಿ ಇಲ್ಲದೆ ಒಂದು ಪುಟವೂ ಇರುವುದಿಲ್ಲ. ಪಠ್ಯವನ್ನು ನಕಲಿಸಿ ಪರಿವರ್ತಕದ ಪೆಟ್ಟಿಗೆಗೆ ಹಾಕಿದರೆ ಅಡಿಟಿಪ್ಪಣಿಗಳು ಜೊತೆಗೆ ಬರುವುದೇ ಇಲ್ಲ. ಪ್ಯಾರಾ ಪ್ಯಾರಾ ತೆಗೆದುಕೊಂಡು, ಅಡಿಟಿಪ್ಪಣಿಯ ಸಂಖ್ಯೆ ಇರುವ ಜಾಗ ಬಿಟ್ಟು ಆಚೀಚೆಯ ಸಾಲುಗಳನ್ನು ಮಾತ್ರ ಬದಲಿಸಿದೆ. ಅಡಿಟಿಪ್ಪಣಿಗಳನ್ನು ಬೇರೆಯಾಗಿ ಮಾಡಿದೆ. ತಾಳ್ಮೆ ಬೇಕು. ಎಷ್ಟೋ ರಾತ್ರಿ ಅಳು ಬಂದಿದೆ.

ಮೂರನೆಯದು ಕಣ್ಣಿಗೆ ಕಾಣದ ಒಂದು ಅಕ್ಷರ. 'ಬ್ಲಾಕ್‌ಗಳು', 'ಮಾರ್ಚ್‌ನಲ್ಲಿ' ಅಂತ ಬರಬೇಕಾದದ್ದು 'ಬ್ಲಾಕ್ಗಳು', 'ಮಾರ್ಚ್ನಲ್ಲಿ' ಅಂತ ಒತ್ತಕ್ಷರವಾಗಿ ಬಂದಿತ್ತು. ಅರ್ಧಾಕ್ಷರದ ನಂತರ ಒಂದು ಶೂನ್ಯ ಅಗಲದ ಸಂಕೇತ ಇಟ್ಟರೆ ಬಿಡಿಸಿಕೊಳ್ಳುತ್ತದೆ. ಇಂಥ ಪದಗಳ ಪಟ್ಟಿ ಮಾಡಿಕೊಂಡು ಹುಡುಕಿ-ಬದಲಿಸುವುದರಲ್ಲಿ ಒಟ್ಟಿಗೆ ತಿದ್ದಿದೆ.

ನನ್ನ ವಿಷಯಕ್ಕೇ ಅಂಟಿದ್ದ ತೊಡಕು ಇನ್ನೊಂದಿತ್ತು. ಹಳಗನ್ನಡದ ಶಾಸನಗಳಲ್ಲಿ ಕೆರೆ ಅನ್ನುವುದು 'ಕೆಱೆ' ಅಂತ ಶಕಟರೇಫದಲ್ಲಿ ಇರುತ್ತದೆ. ಏಳು ಅನ್ನುವುದು 'ಏೞು'. ಟೈಪ್ ಮಾಡಿದವರು ಈ ಎರಡು ಅಕ್ಷರಗಳನ್ನು ಬೇರೊಂದು ಫಾಂಟಿನಿಂದ ತಂದು ಕೂರಿಸಿದ್ದರು. ಪರಿವರ್ತನೆಯಲ್ಲಿ ಅವು ಖಾಲಿ ಚೌಕಗಳಾದವು. ಕೆರೆ ಶಾಸನಗಳ ಪ್ರಬಂಧದಲ್ಲಿ ಕೆಱೆಯೇ ಮಾಯ! ಯೂನಿಕೋಡಿನಲ್ಲಿ ಈ ಎರಡೂ ಅಕ್ಷರಗಳಿವೆ, ಹೆದರಬೇಡಿ. ರಳ (ೞ) ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಕೊಟ್ಟಿರುವ ಇಂಗ್ಲಿಷ್ ಹೆಸರು 'ಫ' ಅಂತ ತಪ್ಪಾಗಿದೆ, ಒಮ್ಮೆ ಇಟ್ಟ ಹೆಸರನ್ನು ಅವರು ಬದಲಿಸುವುದಿಲ್ಲವಾದ್ದರಿಂದ ಹಾಗೇ ಉಳಿದಿದೆ. ಆ ಹೆಸರು ನೋಡಿ ಗಾಬರಿಯಾಗಬೇಡಿ, ಅಕ್ಷರ ಅದೇ. ನಾನು ಪ್ರತಿ ಶಾಸನಪಾಠವನ್ನೂ ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಸಂಪುಟ ಪಕ್ಕದಲ್ಲಿಟ್ಟುಕೊಂಡು ಕೈಯಿಂದಲೇ ಮತ್ತೆ ಟೈಪ್ ಮಾಡಿದೆ. ಇದೊಂದನ್ನು ಯಾವ ಯಂತ್ರಕ್ಕೂ ಬಿಡಬೇಡಿ.

ಪರಿವರ್ತನೆ ಮುಗಿದ ಮೇಲೆ ಪುಟಸಂಖ್ಯೆಗಳೆಲ್ಲ ಏರುಪೇರಾದವು. ಯೂನಿಕೋಡ್ ಫಾಂಟುಗಳಲ್ಲಿ ಸಾಲಿನ ಎತ್ತರ ಬೇರೆ. ನಿರ್ಮಲಾ ಯುಐ ಹಾಕಿದಾಗ ಪುಟ ಬಹಳ ಹೆಚ್ಚಾಯಿತು. ಕೊನೆಗೆ ನೋಟೋ ಸೆರಿಫ್ ಕನ್ನಡ ಆರಿಸಿಕೊಂಡು ಸಾಲಿನ ಅಂತರವನ್ನು ಅಳತೆ ಕೊಟ್ಟು ನಿಲ್ಲಿಸಿದೆ. ವರ್ಡಿನಲ್ಲಿ ಫಾಂಟು ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲ ಅಂತ ಅನಿಸಿದರೆ ಫಾಂಟ್ ಕಿಟಕಿ ತೆರೆದು ನೋಡಿ. ಅಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಂತ ಬೇರೆ ಜಾಗ ಇರುತ್ತದೆ. ಕನ್ನಡದ ಫಾಂಟು ಮತ್ತು ಗಾತ್ರ ಅಲ್ಲಿ ಕೊಡಬೇಕು. ಅಧ್ಯಾಯದ ತಲೆಬರಹಗಳಿಗೆ ಹೆಡಿಂಗ್ ಸ್ಟೈಲ್ ಹಾಕಿದರೆ ಪರಿವಿಡಿ ತಾನಾಗಿ ಬರುತ್ತದೆ. ನಾವು ಡಿಟಿಪಿಯಲ್ಲಿ ಪರಿವಿಡಿಯನ್ನು ಚುಕ್ಕಿ ಚುಕ್ಕಿ ಒತ್ತಿ ಮಾಡಿಸುತ್ತಿದ್ದೆವಲ್ಲ, ಅದರ ಅಗತ್ಯವೇ ಇಲ್ಲ.

ಯೂನಿಕೋಡ್ ಫೈಲು ಹಿಡಿದು ಮತ್ತೆ ಗ್ರಂಥಾಲಯಕ್ಕೆ ಹೋದೆ. ಈ ಸಲ ಓದಿತು. ವರದಿಗೆ ಎರಡು ದಿನ ಕಾಯಿರಿ ಅಂದರು, ವಾರ ಆಯಿತು. ಬಂದ ಅಂಕಿ ಶೇಕಡಾ 18.

ಇಲ್ಲಿ ನಿಯಮ ಗೊತ್ತಿರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಪ್ರಕಾರ ಶೇಕಡಾ 10ರವರೆಗಿನ ಸಾಮ್ಯತೆಗೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಅದೇ ನಿಯಮಾವಳಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ವಿಷಯಗಳ ಪಟ್ಟಿಯೂ ಇದೆ. ಆಕರ ಸಹಿತ ಕೊಟ್ಟ ಉದ್ಧರಣೆ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳು ಬಿಟ್ಟುಹೋಗಬೇಕು. ಸಾಮಾನ್ಯ ತಿಳಿವಳಿಕೆಯ ಮಾತುಗಳು ಸತತ 14 ಪದಗಳವರೆಗೆ ಹೊಂದಿದರೂ ಲೆಕ್ಕಕ್ಕಿಲ್ಲ. ಬರೀ ಅಂಕಿ ನೋಡಿ ಕುಸಿದು ಕೂರಬೇಡಿ, ಪೂರ್ತಿ ವರದಿ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.

ನನ್ನ ವರದಿಯಲ್ಲಿ ಬಣ್ಣ ಬಳಿದಿದ್ದ ಕಡೆ ನೋಡಿದರೆ ಮೊದಲೇ ಕಂಡದ್ದು 'ಸ್ವದತ್ತಾಂ ಪರದತ್ತಾಂ ವಾ' ಶ್ಲೋಕ! ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವರಿಗೆ ಶಾಪ ಹಾಕುವ ಈ ಶ್ಲೋಕ ನಾಡಿನ ಅದೆಷ್ಟೋ ಶಾಸನಗಳ ಕೊನೆಯಲ್ಲಿದೆ. ಶಾಸನಗಳ ಮೊದಲಲ್ಲಿ ಬರುವ ಶಿವಸ್ತುತಿ 'ನಮಸ್ತುಂಗ ಶಿರಶ್ಚುಂಬಿ' ಶ್ಲೋಕಕ್ಕೂ ಅದೇ ಬಣ್ಣ, ರಾಜರ ಬಿರುದಾವಳಿಗೂ ಅದೇ ಬಣ್ಣ. ಶಾಸನ ಓದುವವರ ಪ್ರಬಂಧದಲ್ಲಿ ಇವಿಲ್ಲದಿದ್ದರೆ ಹೇಗೆ? ಶಾಸನಪಾಠಗಳನ್ನು ನಾನು ಒಳಸರಿಸಿ ಓರೆ ಅಕ್ಷರದಲ್ಲಿ ಕೊಟ್ಟಿದ್ದೆ. ಅದು ಮುದ್ರಣದ ಸಂಪ್ರದಾಯ. ತಂತ್ರಾಂಶಕ್ಕೆ ಉದ್ಧರಣೆ ಚಿಹ್ನೆ ಕಂಡರೆ ಮಾತ್ರ ಅದು ಉದ್ಧರಣೆ. ಪ್ರತಿ ಶಾಸನಪಾಠಕ್ಕೂ ಜೋಡಿ ಚಿಹ್ನೆ ಹಾಕಿ, ಸಂಪುಟ ಮತ್ತು ಶಾಸನದ ಸಂಖ್ಯೆ ಕೊಟ್ಟೆ. ಉದ್ಧರಣೆ ಮತ್ತು ಗ್ರಂಥಋಣ ಬಿಟ್ಟು ಲೆಕ್ಕ ಹಾಕಲು ಲಿಖಿತವಾಗಿ ಕೇಳಿಕೊಂಡೆ. ನನ್ನದೇ ಪ್ರಕಟಿತ ಲೇಖನದಿಂದ ಬಂದ ಭಾಗಕ್ಕೆ ಗೈಡ್ ಅವರಿಂದ ಪತ್ರ ತಂದೆ. 500 ರೂಪಾಯಿ ಚಲನ್ ಕಟ್ಟಿ ಮತ್ತೆ ಹಾಕಿಸಿದಾಗ ಶೇಕಡಾ 6 ಬಂತು. ಪ್ರಮಾಣಪತ್ರದ ಮೇಲೆ ಗ್ರಂಥಪಾಲಕರ ಸಹಿ ಮತ್ತು ಮೊಹರು ಬಿದ್ದ ದಿನ ಅಮ್ಮನಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದೆ.

ಕೆಲವರು ಕೇಳಿದ್ದರು, ನುಡಿಯಲ್ಲೇ ಕೊಟ್ಟಿದ್ದರೆ ಸಾಮ್ಯತೆ ಸೊನ್ನೆ ಬರುತ್ತಿತ್ತಲ್ವಾ ಅಂತ. ಬರಬಹುದು. ಆದರೆ ಅದು ತಪಾಸಣೆ ಆಗುವುದಿಲ್ಲ. ಈಗ ಗ್ರಂಥಾಲಯಗಳು ಅದನ್ನು ಒಪ್ಪುತ್ತಲೂ ಇಲ್ಲ. 2019ರಲ್ಲಿ ಶುರುವಾದ ಶೋಧಶುದ್ಧಿ ಯೋಜನೆಯಲ್ಲಿ ವಿಶ್ವವಿದ್ಯಾಲಯಗಳಿಗೆ ಈ ತಪಾಸಣೆಯ ತಂತ್ರಾಂಶ ಒದಗಿಸುತ್ತಿರುವುದು ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿಯ ಕೇಂದ್ರ ಇನ್‌ಫ್ಲಿಬ್‌ನೆಟ್. ನಮ್ಮ ಪ್ರಬಂಧಗಳು ಕೊನೆಗೆ ಸೇರುವ ಆನ್‌ಲೈನ್ ಭಂಡಾರ ಶೋಧಗಂಗಾ ನಡೆಸುವವರೂ ಅವರೇ.

ಶೋಧಗಂಗಾಕ್ಕೆ ಕೊಡುವ ಪಿಡಿಎಫ್ ಬಗ್ಗೆ ನನಗೆ ಬಹಳ ಹೇಳಬೇಕೆನಿಸುತ್ತದೆ. ಪ್ರಬಂಧ ಒಂದೇ ಫೈಲಾಗಿ ಇರಬಾರದು. ಶೀರ್ಷಿಕೆ ಪುಟ, ಪ್ರಮಾಣಪತ್ರದ ಪುಟಗಳು, ಪರಿವಿಡಿ, ಸಾರಾಂಶ, ಒಂದೊಂದು ಅಧ್ಯಾಯ, ಅನುಬಂಧ ಎಲ್ಲ ಬೇರೆ ಬೇರೆ, ಹೆಸರಿನ ಮೊದಲು 01, 02 ಅಂತ ಸಂಖ್ಯೆ. ಕೊನೆಗೆ 80 ಅಂತ ಸಂಖ್ಯೆ ಹಾಕಿದ ಫೈಲಿನಲ್ಲಿ ಶೀರ್ಷಿಕೆ ಪುಟ ಮತ್ತು ಉಪಸಂಹಾರ ಇರಬೇಕು. ಇದು ಒಂದು ಸಂಜೆಯ ಕೆಲಸ. ಕಷ್ಟ ಇರುವುದು ಬೇರೆ ಕಡೆ. ಬೈಂಡಿಂಗ್ ಅಂಗಡಿಯಲ್ಲಿ ಪ್ರಿಂಟಾದ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಪಿಡಿಎಫ್ ಕೊಡುತ್ತೇವೆ ಅನ್ನುತ್ತಾರೆ. ಬೇಡ. ಸ್ಕ್ಯಾನ್ ಮಾಡಿದ್ದು ಬರೀ ಚಿತ್ರ. ಅದರೊಳಗೆ ಏನನ್ನೂ ಹುಡುಕಲಾಗದು. ನಾನು ಅಧ್ಯಯನ ಮಾಡುವಾಗ ಶೋಧಗಂಗಾದಲ್ಲಿ ಎಷ್ಟೋ ಒಳ್ಳೆಯ ಕನ್ನಡ ಪ್ರಬಂಧಗಳನ್ನು ತೆರೆದು, ಒಂದು ಊರಿನ ಹೆಸರಿಗಾಗಿ ಪುಟ ಪುಟ ತಿರುವಿ ನೋಡಿದ್ದೇನೆ. ನಾಲ್ಕೈದು ವರ್ಷ ಊರೂರು ತಿರುಗಿ ಬರೆದದ್ದು, ಹುಡುಕಿದವರಿಗೆ ಸಿಗದೇ ಹೋಗುತ್ತದೆ. ನನ್ನ ಪ್ರಬಂಧದಲ್ಲಿ ಯಾರಾದರೂ ತಮ್ಮೂರಿನ ಕೆರೆಯ ಹೆಸರು ಹಾಕಿದರೆ ಆ ಪುಟ ತೆರೆದುಕೊಳ್ಳಬೇಕು. ಅಷ್ಟು ರಾತ್ರಿ ನಿದ್ದೆಗೆಟ್ಟದ್ದು ಅದಕ್ಕೇ.

ಪಿಡಿಎಫ್ ಮಾಡಿದ ಮೇಲೆ ಹೀಗೆ ಪರೀಕ್ಷಿಸಿ. ಅದನ್ನು ತೆರೆದು ಒಂದು ಸಾಲು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಕನ್ನಡವಾಗಿ ಬಂದರೆ ಸರಿ. ಕೆಲವು ಸಲ ಒತ್ತಕ್ಷರ, ಕೊಂಬು ಹಿಂದೆಮುಂದೆ ಆಗುತ್ತವೆ. ನನಗೆ ಪ್ರಿಂಟ್ ಆಯ್ಕೆಯಿಂದ ಮಾಡಿದ ಪಿಡಿಎಫ್‌ಗಿಂತ ವರ್ಡಿನ 'ಸೇವ್ ಆ್ಯಸ್' ಮೂಲಕ ಮಾಡಿದ್ದು ಸರಿಯಾಗಿ ಬಂತು. ಶಾಸನಕಲ್ಲುಗಳ ಫೋಟೋಗಳನ್ನು ಮೊದಲೇ ಚಿಕ್ಕದು ಮಾಡಿಕೊಳ್ಳಿ, ಇಲ್ಲದಿದ್ದರೆ ಫೈಲು ವಿಪರೀತ ದೊಡ್ಡದಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಪರೀಕ್ಷಾಂಗದ ಕೌಂಟರಿನಲ್ಲಿ ಸಿ.ಡಿ.ಯಲ್ಲಿ ಕೊಡಿ ಅಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಪೇಟೆಯ ಎರಡು ಮೂರು ಅಂಗಡಿಯಲ್ಲೂ ಇರಲಿಲ್ಲ. ಗಣಕ ಕೇಂದ್ರದಲ್ಲಿ ಹೊರಗಿನಿಂದ ಜೋಡಿಸುವ ರೈಟರ್ ಇದೆ, ಕೇಳಿದರೆ ಅಲ್ಲೇ ಬರೆದುಕೊಡುತ್ತಾರೆ. ಖಾಲಿ ಸಿ.ಡಿ. ನಾವು ತರಬೇಕು. ಬೈಂಡಿಂಗಿಗೆ ಪ್ರತಿಯೊಂದಕ್ಕೆ 450 ರೂಪಾಯಿ ಆಯಿತು. ಸಾಮ್ಯತೆ ಪ್ರಮಾಣಪತ್ರ ಸಿಗುವ ತನಕ ಬೈಂಡಿಂಗ್ ಮಾಡಿಸಬೇಡಿ. ಅದರ ಪ್ರತಿಯೂ ಒಳಗೆ ಸೇರಬೇಕು.

ನೋ ಡ್ಯೂಸ್ ಫಾರಂನಲ್ಲಿ ಗ್ರಂಥಾಲಯ, ಹಾಸ್ಟೆಲ್ ಜೊತೆಗೆ ಗಣಕ ಕೇಂದ್ರದ ಸಹಿಯೂ ಬೇಕಿತ್ತು. ಅಲ್ಲಿ ಇನ್ನೊಂದು ವಿಷಯ ತಿಳಿಯಿತು. ಪದವಿ ಮುಗಿದ ಮೇಲೆ ವಿಶ್ವವಿದ್ಯಾಲಯದ ಮೇಲ್ ಖಾತೆ ಮುಚ್ಚುತ್ತಾರೆ. ಆ ಖಾತೆ ಇರುವುದು ಗೂಗಲ್‌ನಲ್ಲಿ. 2022ರ ಜುಲೈನಿಂದ ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಕೊಡುವುದನ್ನು ನಿಲ್ಲಿಸಿ, ಇಡೀ ಸಂಸ್ಥೆಗೆ ಮೂಲವಾಗಿ 100 ಟಿಬಿ ಅಂತ ಗೊತ್ತುಮಾಡಿತು. ಹಾಗಾಗಿ ಹಳೆಯ ಖಾತೆಗಳನ್ನು ಇಟ್ಟುಕೊಳ್ಳುವಂತಿಲ್ಲ. ನನ್ನ ಕ್ಷೇತ್ರಕಾರ್ಯದ ಫೋಟೋಗಳೆಲ್ಲ ಅಲ್ಲೇ ಇದ್ದವು. ಗೂಗಲ್‌ನ 'ಟೇಕ್‌ಔಟ್' ಸೌಲಭ್ಯದ ಮೂಲಕ ಎಲ್ಲ ಇಳಿಸಿಕೊಂಡು ಹಾರ್ಡ್‌ಡಿಸ್ಕಿಗೆ ಹಾಕಿದ ಮೇಲೆಯೇ ಸಹಿ ಮಾಡಿಸಿದೆ. ನೀವೂ ಸಹಿಗೆ ಮೊದಲು ಇದನ್ನು ಮುಗಿಸಿ.

ವೈವಾ ಇನ್ನೂ ಬಾಕಿ ಇದೆ. ಪರಿವರ್ತನೆಯಲ್ಲಿ ಕೆಟ್ಟು ಬಂದ ಪದಗಳು ಮತ್ತು ಅವುಗಳ ಸರಿರೂಪಗಳ ಪಟ್ಟಿಯನ್ನು ಗಣಕ ಕೇಂದ್ರಕ್ಕೆ ಕೊಟ್ಟಿದ್ದೇನೆ. ಮುಂದಿನ ತರಬೇತಿಯಲ್ಲಿ ಹಂಚುತ್ತೇವೆ ಅಂದಿದ್ದಾರೆ. ವಿಭಾಗದ ನಮೂನೆಯಲ್ಲಿ ನುಡಿ ಜಾಗಕ್ಕೆ ಯೂನಿಕೋಡ್ ಅಂತ ಬದಲಿಸಬೇಕೆಂದು ನಾವು ಕೆಲವರು ಸೇರಿ ಮುಖ್ಯಸ್ಥರಿಗೆ ಮನವಿ ಕೊಟ್ಟಿದ್ದೇವೆ. ನಿಮ್ಮ ವಿಭಾಗದ ನಮೂನೆಯಲ್ಲಿ ಏನಿದೆ ಅಂತ ಈಗಲೇ ನೋಡಿ. ಹಳೆಯದೇ ಇದ್ದರೆ ನೀವೂ ಒಂದು ಮನವಿ ಕೊಡಿ. ಮತ್ತೆ, ಇನ್ನೂ ಮೊದಲ ಅಧ್ಯಾಯದಲ್ಲಿರುವವರು ಡಿಟಿಪಿ ಸೆಂಟರಿನವರಿಗೆ ಇವತ್ತೇ ಹೇಳಿ, ಯೂನಿಕೋಡಿನಲ್ಲೇ ಟೈಪ್ ಮಾಡಿಕೊಡಿ ಅಂತ. ಅದೇ ಕೀಲಿಮಣೆಯಲ್ಲಿ ಅದೇ ವೇಗದಲ್ಲಿ ಮಾಡಬಹುದು, ಜಾಸ್ತಿ ದುಡ್ಡೇನೂ ಬೇಕಾಗಿಲ್ಲ.